ಸುಲ್ತಾನ್ ಎಂಬ ಗೋಸುಂಬೆ ಕಲಿಸಿದ ಜೀವಶಾಸ್ತ್ರ



ಈ ವರ್ಷ ಕಾಲೇಜು ಶುರುವಾದ ಎರಡನೇ ವಾರ ಹಾಸ್ಟೆಲಿನಲ್ಲಿರುವ ನನ್ನ ತರಗತಿಯ ಗೆಳತಿಯೊಬ್ಬಳು ಊಟದ ಬಿಡುವಿನಲ್ಲಿ ನನ್ನ ಹತ್ತಿರ ಬಂದು ಕೂತಳು. ಅವಳ ಊರು ಅರಸೀಕೆರೆ ಕಡೆ. "ನಮ್ಮ ತಮ್ಮ ಬೇಲಿ ಮೇಲಿಂದ ಒಂದು ಗೋಸುಂಬೆ ಹಿಡಿದು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ. ನಾಲ್ಕು ದಿನದಿಂದ ಏನೂ ತಿಂತಾ ಇಲ್ಲವಂತೆ. ನಿಮ್ಮ ಮನೆಯಲ್ಲಿ ಗೋಸುಂಬೆ ಸಾಕಿದ್ದೀರಲ್ಲ, ಏನು ಮಾಡಬೇಕು ಹೇಳು" ಎಂದಳು. ಅವಳಿಗೆ ಆಗಲೇ ಒಂದು ಉತ್ತರ ಕೊಟ್ಟೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಯಾಕೆ ಆ ಉತ್ತರ ಎಂದು ತಿಳಿಯಬೇಕಾದರೆ ನಮ್ಮ ಸುಲ್ತಾನನ ಕಥೆ ಮೊದಲು ಕೇಳಬೇಕು. ಇದನ್ನು ಬರೆದು ಕೊಡು ಎಂದು ಜೀವಶಾಸ್ತ್ರದ ಉಪನ್ಯಾಸಕರೂ ಹೇಳಿದ್ದರಿಂದ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಶಾರ್ಜಾದಲ್ಲಿ ಸುಲ್ತಾನ್

ನನ್ನ ಉಪ್ಪ ಶಾರ್ಜಾದಲ್ಲಿ ಕೆಲಸ ಮಾಡುತ್ತಾರೆ. ಉಮ್ಮ ಮತ್ತು ಹನ್ನೊಂದು ವರ್ಷದ ತಮ್ಮ ಅಲ್ಲೇ ಇದ್ದಾರೆ. ನಾನು ಅಜ್ಜಿಯ ಮನೆಯಲ್ಲಿದ್ದು ಇಲ್ಲಿ ಓದುತ್ತಿದ್ದೇನೆ. ಪ್ರಥಮ ಪಿಯುಸಿ ಪರೀಕ್ಷೆ ಮುಗಿಸಿ ರಜೆಗೆ ಅಲ್ಲಿಗೆ ಹೋದಾಗ ತಮ್ಮ ಬಾಗಿಲಲ್ಲೇ ನಿಂತು, "ನಿನಗೊಂದು ತೋರಿಸ್ತೇನೆ ಬಾ" ಎಂದು ಕೈ ಹಿಡಿದು ಎಳೆದ. ಈದ್ ಹಬ್ಬಕ್ಕೆ ಸಿಕ್ಕ ಹಣವೆಲ್ಲ ಸೇರಿಸಿ ಹಿಂದಿನ ದಿನವಷ್ಟೇ ಒಂದು ಗೋಸುಂಬೆ ಕೊಂಡು ತಂದಿದ್ದ. ತಲೆಯ ಮೇಲೆ ಕಿರೀಟದಂಥ ಎತ್ತರದ ಮೂಳೆ. ಅದನ್ನು ನೋಡಿಯೇ ಅವನು ಇಟ್ಟ ಹೆಸರು ಸುಲ್ತಾನ್.

ಅದು ಯೆಮನ್ ಗೋಸುಂಬೆ. ವೈಜ್ಞಾನಿಕ ಹೆಸರು ಕೆಮಿಲಿಯೊ ಕ್ಯಾಲಿಪ್ಟ್ರೇಟಸ್. ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗ ಇದರ ಮೂಲ ನೆಲೆ. ಈಗ ಅಂಗಡಿಗಳಲ್ಲಿ ಮಾರುವುದು ಹೆಚ್ಚಾಗಿ ಸಾಕಿ ಬೆಳೆಸಿದ ಮರಿಗಳು. ನಮ್ಮದು ಸುಮಾರು ಐದು ತಿಂಗಳ ಮರಿ. ಹಿಂಗಾಲಿನ ಹಿಮ್ಮಡಿಯಲ್ಲಿ ಚಿಕ್ಕ ಮೊಳೆಯಂಥ ಉಬ್ಬು ಇತ್ತು. ಈ ಜಾತಿಯಲ್ಲಿ ಗಂಡಿಗೆ ಮೊಟ್ಟೆಯೊಡೆದು ಬಂದ ದಿನದಿಂದಲೇ ಆ ಉಬ್ಬು ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಆದ್ದರಿಂದ ಸುಲ್ತಾನ್ ಗಂಡು ಎಂಬುದು ಖಚಿತ.

ಅಂಗಡಿಯವರು ಒಂದು ಗಾಜಿನ ತೊಟ್ಟಿ, ಬಿಸಿ ಕೊಡುವ ಒಂದು ಬಲ್ಬು, ಒಂದು ನೀರಿನ ಬಟ್ಟಲು, ಒಂದು ಡಬ್ಬಿ ಜೀರುಂಡೆ ಕೊಟ್ಟು ಕಳಿಸಿದ್ದರು. ಇಷ್ಟಿದ್ದರೆ ಸಾಕು ಎಂದಿದ್ದರಂತೆ. ನಾವೂ ಸಾಕು ಎಂದುಕೊಂಡೆವು. "ಅರಬ್ ದೇಶದ ಪ್ರಾಣಿಯಲ್ಲವೇ, ಮರುಭೂಮಿಯದ್ದು, ನೀರು ಹೆಚ್ಚು ಬೇಡ" ಎಂದು ದೊಡ್ಡದಾಗಿ ಹೇಳಿದವಳು ನಾನೇ.

ನಾವು ತಪ್ಪಾಗಿ ಓದಿದ ಲಕ್ಷಣಗಳು

ಮೊದಲ ಮೂರು ದಿನ ಸಂಭ್ರಮವೋ ಸಂಭ್ರಮ. ತಮ್ಮ ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಫೋಟೊ ತೆಗೆಸಿಕೊಂಡ. ಪಕ್ಕದ ಮನೆಯ ಮಕ್ಕಳೆಲ್ಲ ಬಂದು ಮುಟ್ಟಿ ಹೋದರು. ಕೈಯಲ್ಲಿ ಹಿಡಿದಾಗ ಅದು ಕಣ್ಣು ಮುಚ್ಚುತ್ತಿತ್ತು. "ನನ್ನ ಕೈಯಲ್ಲಿ ನಿದ್ದೆ ಮಾಡ್ತದೆ ನೋಡು" ಎಂದು ತಮ್ಮ ಹೆಮ್ಮೆಪಟ್ಟ. ಮೈ ಕಪ್ಪಗಾದಾಗ "ಬಣ್ಣ ಬದಲಿಸಿ ಆಟ ಆಡ್ತಿದೆ" ಎಂದು ನಾನು ವಿವರಣೆ ಕೊಟ್ಟೆ.

ನಾಲ್ಕನೆಯ ದಿನ ಹಗಲು ಹೊತ್ತಿನಲ್ಲೂ ಅದು ಕಣ್ಣು ತೆರೆಯಲಿಲ್ಲ. ಗೋಪುರದಂತೆ ಹೊರಗೆ ಉಬ್ಬಿರಬೇಕಾದ ಕಣ್ಣುಗಳು ಒಳಗೆ ಕುಸಿದಿದ್ದವು. ಕೊಂಬೆಯನ್ನು ಹಿಡಿದ ಮುಂಗಾಲು ಜಾರುತ್ತಿತ್ತು. ನೇರ ಇರಬೇಕಾದ ತೋಳಿನ ಮೂಳೆ ಬಿಲ್ಲಿನಂತೆ ಬಾಗಿತ್ತು. ತೊಟ್ಟಿಯ ತಳದಲ್ಲಿ ಹಿಕ್ಕೆಯ ಜೊತೆ ಕಿತ್ತಳೆ ಬಣ್ಣದ ಗಟ್ಟಿ ಉಂಡೆ ಬಿದ್ದಿತ್ತು. ಜೀರುಂಡೆಗಳು ಅದರ ಕಾಲ ಕೆಳಗೇ ಓಡಾಡಿದರೂ ನಾಲಿಗೆ ಹೊರಗೆ ಬರಲಿಲ್ಲ.

ಐದನೆಯ ದಿನ ನಾನು ಒಂದು ತಪ್ಪು ಮಾಡಿದೆ. ಹಸಿವಿನಿಂದ ಸಾಯುತ್ತದೆ ಎಂಬ ಭಯದಲ್ಲಿ ಅದರ ಬಾಯಿ ಬಿಡಿಸಿ ಡ್ರಾಪರಿನಿಂದ ನೀರು ಹಾಕಿದೆ. ಮೂಗಿನ ಹೊಳ್ಳೆಯಲ್ಲಿ ಗುಳ್ಳೆ ಬಂತು. ಅದು ಮೈಯುಬ್ಬಿಸಿ ಬುಸ್ಸೆಂದು ಬಿದ್ದುಕೊಂಡಿತು. ತಮ್ಮ ಅಳಲು ಶುರು ಮಾಡಿದ. ನಾನೂ ಅತ್ತೆ. ಜೀವಶಾಸ್ತ್ರದಲ್ಲಿ ತೆಗೆದ ಅಂಕ ಆ ಹೊತ್ತಿನಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ಮೊದಲ ಸುಳಿವು ಕೊಟ್ಟವರು ಉಮ್ಮ. ಅವರಿಗೆ ಆ ಪ್ರಾಣಿ ಮನೆಗೆ ಬಂದದ್ದೇ ಇಷ್ಟವಿರಲಿಲ್ಲ. ಅಂದು ಸಂಜೆ ಕಿಟಕಿಯ ಪಕ್ಕದ ಮನಿಪ್ಲಾಂಟಿಗೆ ನೀರು ಚಿಮುಕಿಸುತ್ತಿದ್ದಾಗ ನಾಲ್ಕು ಹನಿ ತೊಟ್ಟಿಯೊಳಗಿನ ಕೊಂಬೆಯ ಮೇಲೂ ಬಿದ್ದವು. ಸುಲ್ತಾನ್ ಒಂದು ಕಣ್ಣು ತೆರೆದ. ಹೊಳೆಯುವ ಹನಿಯ ಕಡೆ ಆ ಕಣ್ಣು ತಿರುಗಿತು. ನಿಧಾನವಾಗಿ ಬಾಯಿ ಚಾಚಿ ಹನಿ ನೆಕ್ಕಿದ. ಐದು ದಿನದಿಂದ ಬಟ್ಟಲು ತುಂಬ ನೀರು ಪಕ್ಕದಲ್ಲೇ ಇತ್ತು. ಆದರೆ ಅದು ನೀರು ಎಂದು ಅವನಿಗೆ ಗೊತ್ತೇ ಆಗಿರಲಿಲ್ಲ. ಗೋಸುಂಬೆಗಳು ಸಾಮಾನ್ಯವಾಗಿ ನಿಂತ ನೀರನ್ನು ಗುರುತಿಸುವುದಿಲ್ಲ. ಎಲೆಯ ಮೇಲಿನ ಮಳೆಹನಿ, ಇಬ್ಬನಿ ಇವೇ ಅವುಗಳ ಕುಡಿಯುವ ನೀರು.

ವೈದ್ಯರು ಹೇಳಿದ ನಾಲ್ಕು ಪಾಠಗಳು

ಮರುದಿನ ಉಪ್ಪ ನಮ್ಮನ್ನು ಸರೀಸೃಪಗಳಿಗೂ ಚಿಕಿತ್ಸೆ ಕೊಡುವ ಒಬ್ಬ ಪಶುವೈದ್ಯೆಯ ಹತ್ತಿರ ಕರೆದುಕೊಂಡು ಹೋದರು. ಅವರು ಮೊದಲು ಕೇಳಿದ್ದು ಪ್ರಾಣಿಯ ಬಗ್ಗೆ ಅಲ್ಲ. ಅದು ಇರುವ ಜಾಗದ ಫೋಟೊ ತೋರಿಸಿ ಎಂದರು. ಫೋಟೊ ನೋಡಿದ ಮೇಲೆಯೇ ಸುಲ್ತಾನನನ್ನು ಮುಟ್ಟಿದ್ದು. "ಗೋಸುಂಬೆಯ ಕಾಯಿಲೆ ಮುಕ್ಕಾಲು ಪಾಲು ಅದರ ಗೂಡಿನಲ್ಲಿ ಇರುತ್ತದೆ" ಎಂದು ಅವರು ಹೇಳಿದ ಮಾತು ನನಗೆ ಈಗಲೂ ನೆನಪಿದೆ. ಅವರು ಹೇಳಿದ್ದನ್ನು ನಮ್ಮ ಪಠ್ಯಪುಸ್ತಕದ ಜೊತೆ ಇಟ್ಟು ಇಲ್ಲಿ ಬರೆಯುತ್ತೇನೆ.

1. ನೀರು. ಸರೀಸೃಪಗಳು ಸಾರಜನಕದ ತ್ಯಾಜ್ಯವನ್ನು ಯೂರಿಕ್ ಆಮ್ಲದ ರೂಪದಲ್ಲಿ ಹೊರಹಾಕುತ್ತವೆ ಎಂದು ಪ್ರಥಮ ಪಿಯುಸಿಯ ವಿಸರ್ಜನೆಯ ಪಾಠದಲ್ಲಿ ನಾವು ಓದಿದ್ದೇವೆ. ನೀರನ್ನು ಉಳಿಸುವ ಉಪಾಯ ಅದು. ಹಿಕ್ಕೆಯ ಜೊತೆ ಬರುವ ಬಿಳಿ ಭಾಗವೇ ಈ ಯೂರೇಟ್. ಅದು ಬಿಳಿಯಾಗಿದ್ದರೆ ದೇಹದಲ್ಲಿ ನೀರು ಸಾಕಷ್ಟಿದೆ. ಗಟ್ಟಿಯಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ನೀರಿನ ಕೊರತೆ ಇದೆ. ಕುಸಿದ ಕಣ್ಣು ಅದೇ ಮಾತನ್ನು ಹೇಳುತ್ತದೆ. ಯೆಮನ್ ಎಂದರೆ ಬರೀ ಮರಳು ಎಂಬ ನನ್ನ ತಿಳಿವಳಿಕೆಯೂ ತಪ್ಪಾಗಿತ್ತು. ಈ ಗೋಸುಂಬೆ ಮಳೆ ಬೀಳುವ, ಮಂಜು ಇಳಿಯುವ ಬೆಟ್ಟದ ಇಳಿಜಾರುಗಳಲ್ಲಿ ಮತ್ತು ಗಿಡಮರಗಳಿರುವ ಕಣಿವೆಗಳಲ್ಲಿ ವಾಸಿಸುತ್ತದೆ. ನಾವು ಅದನ್ನು ಹಗಲಿರುಳು ಏಸಿ ಓಡುವ ಒಣ ಕೋಣೆಯಲ್ಲಿ ಇಟ್ಟಿದ್ದೆವು. ವೈದ್ಯೆ ಚರ್ಮದ ಕೆಳಗೆ ದ್ರವದ ಇಂಜೆಕ್ಷನ್ ಕೊಟ್ಟರು. ಮನೆಯಲ್ಲಿ ಬೆಳಿಗ್ಗೆ ಸಂಜೆ ಎಲೆಗಳಿಗೆ ನೀರು ಚಿಮುಕಿಸಲು, ಹಗಲಿನಲ್ಲಿ ಸ್ವಲ್ಪ ಹೊತ್ತು ಹನಿಹನಿಯಾಗಿ ನೀರು ಬೀಳುವಂತೆ ಮಾಡಲು ಹೇಳಿದರು. ಬಾಯಿ ಬಿಡಿಸಿ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು ಎಂದೂ ಹೇಳಿದರು. ನಾನು ತಲೆ ತಗ್ಗಿಸಿದೆ.

2. ಶಾಖ. ಗೋಸುಂಬೆ ಶೀತರಕ್ತ ಪ್ರಾಣಿ. ಬಿಸಿಲು ಸಿಕ್ಕದಿದ್ದರೆ ಅದರ ಜೀರ್ಣಕ್ರಿಯೆಯೂ ನಿಧಾನವಾಗುತ್ತದೆ. ತಣ್ಣಗಿರುವ ಗೋಸುಂಬೆಗೆ ಬಲವಂತವಾಗಿ ತಿನ್ನಿಸಿದರೆ ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಆದ್ದರಿಂದ ಮೊದಲು ನೀರು, ಆಮೇಲೆ ಶಾಖ, ಕೊನೆಗೆ ಆಹಾರ. ಈ ಕ್ರಮವನ್ನು ತಲೆಕೆಳಗು ಮಾಡಬಾರದು. ನಮ್ಮ ಮರಿಗೆ ಬಿಸಿಲು ಕಾಯುವ ಒಂದು ಜಾಗ 28ರಿಂದ 29 ಡಿಗ್ರಿ ಸೆಲ್ಸಿಯಸ್, ಉಳಿದ ಗೂಡು 23ರಿಂದ 26 ಡಿಗ್ರಿ ಇರಲಿ ಎಂದರು. ದೊಡ್ಡದಾದ ಮೇಲೆ ಬಿಸಿಲಿನ ಜಾಗ ಇನ್ನೂ ಎರಡು ಮೂರು ಡಿಗ್ರಿ ಹೆಚ್ಚಿರಬಹುದು. ರಾತ್ರಿ ದೀಪ ಆರಿಸಬೇಕು. ತಂಪೂ ಕತ್ತಲೂ ಅದಕ್ಕೆ ಬೇಕು. ಒಂದೇ ಗೂಡಿನಲ್ಲಿ ಬಿಸಿ ಜಾಗವೂ ತಂಪು ಜಾಗವೂ ಇದ್ದರೆ ಎಲ್ಲಿ ಕೂರಬೇಕೆಂದು ಅದೇ ನಿರ್ಧರಿಸುತ್ತದೆ.

3. ಬೆಳಕು. ಸುಲ್ತಾನನ ಎಕ್ಸ್‌ರೇ ನೋಡಿ ನನಗೆ ಗಂಟಲು ಕಟ್ಟಿತು. ಮೂಳೆಗಳು ಮಾಂಸದಷ್ಟೇ ಮಸುಕಾಗಿ ಕಾಣುತ್ತಿದ್ದವು. ಎಡ ಮುಂಗಾಲಿನಲ್ಲಿ ಒಂದು ಹಳೆಯ ಮುರಿತವೂ ಇತ್ತು. ಅಂದರೆ ನಮ್ಮ ಮನೆಗೆ ಬರುವ ಮೊದಲೇ ಅದು ನರಳುತ್ತಿತ್ತು. ಮಕ್ಕಳಲ್ಲಿ ಬರುವ ರಿಕೆಟ್ಸ್ ರೋಗದ ಹಾಗೆಯೇ ಇದು ಎಂದರು ವೈದ್ಯೆ. ಇದರ ಹಿಂದಿನ ಸರಪಳಿ ಹೀಗಿದೆ. ಸೂರ್ಯನ ಬೆಳಕಿನಲ್ಲಿ ಸುಮಾರು 290ರಿಂದ 315 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಬಿ ಕಿರಣಗಳಿವೆ. ಇವು ಚರ್ಮದ ಮೇಲೆ ಬಿದ್ದಾಗ ಅಲ್ಲಿರುವ ಕೊಲೆಸ್ಟರಾಲ್ ಜಾತಿಯ ಒಂದು ವಸ್ತು ಡಿ3 ವಿಟಮಿನ್ನಿನ ಪೂರ್ವರೂಪವಾಗುತ್ತದೆ. ದೇಹದ ಶಾಖದಿಂದ ಅದು ಡಿ3 ಆಗುತ್ತದೆ. ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಮತ್ತೆರಡು ಬದಲಾವಣೆ ಹೊಂದಿದ ಮೇಲೆ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳಲು ಅದು ನೆರವಾಗುತ್ತದೆ. ಕಿರಣ ಇಲ್ಲದಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ. ಆಗ ಪ್ಯಾರಾಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನ್ ಸುರಿಸಿ ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಕೊಡುತ್ತದೆ. ಹೃದಯ ಮತ್ತು ಸ್ನಾಯುಗಳು ನಡೆಯಬೇಕಲ್ಲ! ಮನೆ ಉಳಿಸಲು ತೊಲೆಗಳನ್ನೇ ಕಿತ್ತು ಉರಿಸಿದ ಹಾಗೆ. ರಾಸಾಯನಿಕ ಸಮನ್ವಯದ ಪಾಠದಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬಾಯಿಪಾಠ ಮಾಡಿದ್ದ ಹಾರ್ಮೋನ್ ಅದು. ಅದರ ಕೆಲಸವನ್ನು ಒಂದು ಪುಟ್ಟ ಬಾಗಿದ ಕೈಯಲ್ಲಿ ನೋಡಿದೆ.

ಇಲ್ಲಿ ಇನ್ನೊಂದು ಮಾತು. "ಕಿಟಕಿಯ ಬಿಸಿಲಿನಲ್ಲಿ ಇಟ್ಟಿದ್ದೆವಲ್ಲ" ಎಂದು ನಾನು ಕೇಳಿದೆ. ಕಿಟಕಿಯ ಗಾಜು ಬೆಳಕನ್ನೂ ಶಾಖವನ್ನೂ ಒಳಗೆ ಬಿಡುತ್ತದೆ, ಆದರೆ ಈ ಬಿ ಕಿರಣಗಳನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಬಿಸಿ ಕೊಡುವ ಸಾಮಾನ್ಯ ಬಲ್ಬಿನಲ್ಲೂ ಅವು ಇರುವುದಿಲ್ಲ. ಅದಕ್ಕೇ ಬೇರೆ ಟ್ಯೂಬ್ ಬೇಕು. ಟ್ಯೂಬ್ ಬೆಳಗುತ್ತಿದ್ದರೂ ತಿಂಗಳುಗಳು ಕಳೆದಂತೆ ಕಿರಣ ಕ್ಷೀಣಿಸುವುದರಿಂದ ಕಾಲಕಾಲಕ್ಕೆ ಬದಲಿಸಬೇಕು.

4. ಆಹಾರ. ಜೀರುಂಡೆಯಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಬಹಳ ಹೆಚ್ಚು. ಗೋಸುಂಬೆಗೆ ಬೇಕಾದದ್ದು ಅದರ ತಿರುಗುಮುರುಗು, ಸುಮಾರು ಎರಡು ಪಾಲು ಕ್ಯಾಲ್ಸಿಯಂಗೆ ಒಂದು ಪಾಲು ರಂಜಕ. ಆದ್ದರಿಂದ ಜೀರುಂಡೆಗಳಿಗೆ ಮೊದಲು ಸೊಪ್ಪು, ಗಜ್ಜರಿ ತಿನ್ನಿಸಿ, ಆಮೇಲೆ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಬಿಡಬೇಕು. ಜೀರುಂಡೆಯ ಗಾತ್ರ ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ದೊಡ್ಡದಿರಬಾರದು. ರಾತ್ರಿ ಉಳಿದ ಜೀರುಂಡೆಗಳನ್ನು ತೆಗೆಯಬೇಕು, ಇಲ್ಲದಿದ್ದರೆ ನಿದ್ದೆಯಲ್ಲಿರುವ ಗೋಸುಂಬೆಯನ್ನೇ ಕಚ್ಚುತ್ತವೆ. ವಿಟಮಿನ್ ಒಳ್ಳೆಯದೆಂದು ದಿನವೂ ಸುರಿಯಬಾರದು. ಎ ಮತ್ತು ಡಿ ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು, ದೇಹದಲ್ಲಿ ಸಂಗ್ರಹವಾಗಿ ವಿಷವಾಗುತ್ತವೆ. ಸುಲ್ತಾನನಿಗೆ ಕೆಲವು ವಾರ ಕ್ಯಾಲ್ಸಿಯಂ ಸಿರಪ್ ಕೊಟ್ಟರು. ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಬೇಕು, ಆದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಔಷಧಿ

ಹೊರಡುವಾಗ ವೈದ್ಯೆ ತಮ್ಮನನ್ನು ಹತ್ತಿರ ಕರೆದು, "ಒಂದು ಔಷಧಿ ನೀನೇ ಕೊಡಬೇಕು. ಅದನ್ನು ಎತ್ತಿಕೊಳ್ಳಬೇಡ" ಎಂದರು. ಅವನ ಮುಖ ಸಣ್ಣಗಾಯಿತು.

ಗೋಸುಂಬೆ ಒಂಟಿಯಾಗಿ ಬದುಕುವ ಪ್ರಾಣಿ. ಮೇಲಿನಿಂದ ಬರುವ ಕೈ ಅದರ ಕಣ್ಣಿಗೆ ಹಕ್ಕಿಯ ಪಂಜವೇ. ಕೈಯಲ್ಲಿ ಕಣ್ಣು ಮುಚ್ಚಿದ್ದು ನೆಮ್ಮದಿಯ ನಿದ್ದೆಯಾಗಿರಲಿಲ್ಲ, ಭಯ ಮತ್ತು ನಿತ್ರಾಣ. ಹಗಲಿನಲ್ಲಿ ಕಣ್ಣು ಮುಚ್ಚಿದ ಗೋಸುಂಬೆ ಎಂದರೆ ಕಾಯಿಲೆ ಬಿದ್ದ ಗೋಸುಂಬೆ. ಕಾಡಿನಲ್ಲಿ ನಿತ್ರಾಣ ತೋರಿಸಿದ ಪ್ರಾಣಿ ಬೇಟೆಯಾಗುತ್ತದೆ. ಹಾಗಾಗಿ ಅದು ಕೊನೆಯವರೆಗೂ ರೋಗವನ್ನು ಮುಚ್ಚಿಡುತ್ತದೆ. ನಮಗೆ ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಬಣ್ಣದ ಬಗ್ಗೆಯೂ ನಮ್ಮ ತಿಳಿವಳಿಕೆ ತಪ್ಪು. ಗೋಸುಂಬೆ ಹಿನ್ನೆಲೆಗೆ ತಕ್ಕಂತೆ ಬಣ್ಣ ಬದಲಿಸುತ್ತದೆ ಎಂದೇ ಎಲ್ಲರೂ ಹೇಳುತ್ತಾರೆ. ನಿಜವಾಗಿ ಅದು ಹೆಚ್ಚಾಗಿ ಬಣ್ಣ ಬದಲಿಸುವುದು ಇನ್ನೊಂದು ಗೋಸುಂಬೆಗೆ ಸಂದೇಶ ಕೊಡಲು, ಶಾಖ ಹೀರಲು, ಭಯಗೊಂಡಾಗ. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಯ ಚರ್ಮವನ್ನು ಪರೀಕ್ಷಿಸಿದರು. ಅದರ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿ ಸೂಕ್ಷ್ಮ ಹರಳುಗಳಿವೆ. ಅವುಗಳ ನಡುವಿನ ಅಂತರ ಹೆಚ್ಚು ಕಡಿಮೆಯಾದಾಗ ಪ್ರತಿಫಲಿಸುವ ಬೆಳಕಿನ ಬಣ್ಣ ಬದಲಾಗುತ್ತದೆ ಎಂದು ಅವರು ತೋರಿಸಿದರು. ನಮ್ಮ ಡಿಎನ್‌ಎಯಲ್ಲಿ ಓದುವ ಅದೇ ಗ್ವಾನಿನ್! ಸುಲ್ತಾನ್ ಕಪ್ಪಗಾದದ್ದು ಆಟಕ್ಕಲ್ಲ. ಚಳಿಗೆ ಮತ್ತು ನಮ್ಮ ಭಯಕ್ಕೆ.

ಉಪ್ಪ ಸ್ವಲ್ಪ ಗೊಣಗಿಕೊಂಡೇ ಗಾಳಿಯಾಡುವ ಬಲೆಯ ಗೂಡು, ಹೊಸ ಟ್ಯೂಬ್, ಎರಡು ತಾಪಮಾಪಕ ತಂದರು. ಚಿಕಿತ್ಸೆಯೂ ಸೇರಿ ಖರ್ಚು ಪ್ರಾಣಿಯ ಬೆಲೆಯ ನಾಲ್ಕು ಪಟ್ಟು ದಾಟಿತು. ಉಮ್ಮ ತಮ್ಮ ಮನಿಪ್ಲಾಂಟಿನ ಕುಂಡವನ್ನೇ ಗೂಡಿನೊಳಗೆ ಇಟ್ಟರು. ಗೂಡನ್ನು ಏಸಿಯ ಗಾಳಿ ಬೀಸದ ಮೂಲೆಗೆ ಸರಿಸಿ, ಕೊಂಬೆ ನಮ್ಮ ಕಣ್ಣಿನ ಎತ್ತರಕ್ಕೆ ಬರುವಂತೆ ಮೇಜಿನ ಮೇಲೆ ಇಟ್ಟೆವು. ತಮ್ಮ ಎರಡು ಮಾರು ದೂರದಲ್ಲಿ ಕುರ್ಚಿ ಹಾಕಿಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದ: ಕಣ್ಣು ತೆರೆದ ಹೊತ್ತು, ನೀರು ಕುಡಿದದ್ದು, ಯೂರೇಟಿನ ಬಣ್ಣ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ಕೊಂಬೆಯ ಸಮೇತ ಇಟ್ಟು ತೂಗಿ ಕೊಂಬೆಯ ತೂಕ ಕಳೆಯುತ್ತಿದ್ದೆವು. ಮೊದಲ ವಾರ 41 ಗ್ರಾಂ. ಎರಡನೇ ವಾರ 39. ಆ ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ವಾರ 42.

ಹತ್ತೊಂಬತ್ತನೆಯ ದಿನ, ಅಸರ್ ನಮಾಜಿನ ಹೊತ್ತು. ತಮ್ಮ ಪಿಸುದನಿಯಲ್ಲಿ ಎಲ್ಲರನ್ನೂ ಕರೆದ. ಸುಲ್ತಾನನ ಎರಡೂ ಕಣ್ಣುಗಳು ಒಂದೇ ಜೀರುಂಡೆಯ ಮೇಲೆ ನೆಟ್ಟಿದ್ದವು. ಬಾಯಿ ಸ್ವಲ್ಪ ತೆರೆಯಿತು. ಮೈಯುದ್ದಕ್ಕಿಂತ ಉದ್ದದ ನಾಲಿಗೆ ಚಿಮ್ಮಿ ಹೋಗಿ ವಾಪಸ್ಸು ಬಂದದ್ದು ಕಾಣಲೇ ಇಲ್ಲ, ಜೀರುಂಡೆ ಇರಲಿಲ್ಲ ಅಷ್ಟೆ. ತಮ್ಮ ಕೂಗಲು ಹೋಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

ನಾನು ಊರಿಗೆ ಹೊರಡುವಾಗ ಅದರ ತೂಕ 55 ಗ್ರಾಂ. ದವಡೆ ಗಟ್ಟಿಯಾಗಿತ್ತು, ಹಿಡಿತ ಬಿಗಿಯಾಗಿತ್ತು. ಆದರೆ ಬಾಗಿದ ಕೈ ನೇರವಾಗಲಿಲ್ಲ, ಇನ್ನು ಆಗುವುದೂ ಇಲ್ಲ. ಬೆಳೆಯುವ ಕಾಲದಲ್ಲಿ ಕೊಡದ ಬೆಳಕನ್ನು ಆಮೇಲೆ ಎಷ್ಟು ಕೊಟ್ಟರೂ ಆ ಮೂಳೆ ಮರೆಯುವುದಿಲ್ಲ.

ಗೆಳತಿಗೆ ಕೊಟ್ಟ ಉತ್ತರ

ಈಗ ಅರಸೀಕೆರೆಯ ಆ ರಟ್ಟಿನ ಪೆಟ್ಟಿಗೆಗೆ ಬರೋಣ. ಮೊದಲು ಅದು ಗೋಸುಂಬೆಯೇ ಎಂದು ಕೇಳಿದೆ. ಬೇಲಿಯ ಮೇಲೆ ತಲೆ ಕುಣಿಸುವ, ಕತ್ತು ಕೆಂಪಗಾಗುವ ಓತಿಕ್ಯಾತವನ್ನೂ ಹಲವರು ಗೋಸುಂಬೆ, ಊಸರವಳ್ಳಿ ಎನ್ನುತ್ತಾರೆ. ನಿಜವಾದ ಗೋಸುಂಬೆಯ ಕಾಲ್ಬೆರಳುಗಳು ಎರಡು ಮೂರು ಸೇರಿ ಇಕ್ಕುಳದಂತಿರುತ್ತವೆ, ಎರಡು ಕಣ್ಣು ಎರಡು ದಿಕ್ಕಿಗೆ ತಿರುಗುತ್ತವೆ, ಬಾಲ ಸುರುಳಿ ಸುತ್ತುತ್ತದೆ, ಗಾಳಿಗೆ ತೂಗುವ ಎಲೆಯಂತೆ ಹಿಂದೆ ಮುಂದೆ ಓಲಾಡಿ ಹೆಜ್ಜೆ ಇಡುತ್ತದೆ. ಅವಳು ಹೇಳಿದ ಲಕ್ಷಣಗಳೆಲ್ಲ ಹೊಂದಿದವು. ಅದು ನಮ್ಮದೇ ಭಾರತೀಯ ಗೋಸುಂಬೆ, ಕೆಮಿಲಿಯೊ ಝೈಲಾನಿಕಸ್. ಸುಲ್ತಾನನ ಕುಲದ್ದೇ.

"ಹಾಗಾದರೆ ಟ್ಯೂಬ್ ಎಲ್ಲಿ ಸಿಗುತ್ತದೆ?" ಎಂದಳು. "ಟ್ಯೂಬ್ ಬೇಡ. ಸಾಕುವುದೇ ಬೇಡ" ಎಂದೆ.

ನಮ್ಮ ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. ಸುಲ್ತಾನನಂಥ ಹೊರದೇಶದ ಗೋಸುಂಬೆಯನ್ನೂ ಸೂಟ್‌ಕೇಸಿನಲ್ಲಿ ಹಾಕಿಕೊಂಡು ತರುವಂತಿಲ್ಲ. ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಅದೂ ಇದೆ. ಕಾನೂನು ಒಂದು ಕಾರಣ. ಇನ್ನೊಂದು ಕಾರಣವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಾರ್ಜಾದಲ್ಲಿ ನಾವು ಇಷ್ಟೊಂದು ಹಣ, ಇಷ್ಟು ದಿನ, ಇಷ್ಟು ಕಣ್ಣೀರು ಸುರಿಸಿ ಒಂದು ಗೂಡಿನೊಳಗೆ ಮಾಡಲು ಹೊರಟದ್ದೇನು? ಬೆಳಗಿನ ಬಿಸಿಲು, ಎಲೆಯ ಮೇಲಿನ ಹನಿ, ಸ್ವಲ್ಪ ನೆರಳು, ಬಗೆಬಗೆಯ ಹುಳು, ಯಾರೂ ಮುಟ್ಟದ ಕೊಂಬೆ. ಇದೆಲ್ಲ ಅರಸೀಕೆರೆಯ ಆ ಬೇಲಿಯಲ್ಲಿ ಆಗಲೇ ಇತ್ತು, ಪುಕ್ಕಟೆಯಾಗಿ. ಸುಲ್ತಾನನಿಗೆ ಹಿಂದಿರುಗಲು ಬೇಲಿ ಇಲ್ಲ. ಕಾಯಿಲೆಯ, ಸಾಕಿದ ಪ್ರಾಣಿಯನ್ನು ಪರದೇಶದ ಬಯಲಿನಲ್ಲಿ ಬಿಟ್ಟರೆ ಅದು ಕೊಂದ ಹಾಗೆ. ಅವನನ್ನು ನೋಡಿಕೊಳ್ಳುವ ಹೊಣೆ ನಮ್ಮ ಮನೆಯದ್ದು. ಆದರೆ ಬೇಲಿಯ ಗೋಸುಂಬೆಗೆ ಬೇಲಿ ಇದೆ.

ಗೆಳತಿ ಅಂದೇ ಸಂಜೆ ಮನೆಗೆ ಫೋನ್ ಮಾಡಿದಳು. ಅವಳ ತಂದೆ ಅರಣ್ಯ ಇಲಾಖೆಯವರಿಗೆ ತಿಳಿಸಿದರು. ಸಿಬ್ಬಂದಿ ಬಂದು ನೋಡಿ, ಗಾಯವೇನೂ ಇಲ್ಲವೆಂದು ಖಚಿತಪಡಿಸಿಕೊಂಡು, ಹಿಡಿದ ಬೇಲಿಯ ಮೇಲೆಯೇ ಬಿಟ್ಟರಂತೆ. ಅವಳ ತಮ್ಮ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅವನೇ ಫೋನ್ ಮಾಡಿ, ಅದು ಬೇಲಿಯ ಮೇಲೆ ಕೂತು ಮಿಡತೆ ಹಿಡಿದದ್ದನ್ನು ದೂರದಿಂದ ನೋಡಿದೆ ಎಂದನಂತೆ.

ಹಳ್ಳಿಗಳಲ್ಲಿ ಗೋಸುಂಬೆ ವಿಷದ್ದು, ಅಪಶಕುನ ಎಂದು ಕಲ್ಲು ಹೊಡೆಯುವವರೂ ಇದ್ದಾರೆ. ಅದರಲ್ಲಿ ವಿಷ ಇಲ್ಲ. ಮೊಟ್ಟೆಯಿಡಲು ಹೆಣ್ಣು ಮರದಿಂದ ಇಳಿದು ಮಣ್ಣು ತೋಡುತ್ತದೆ. ನಿಧಾನವಾಗಿ ರಸ್ತೆ ದಾಟುವಾಗ ಗಾಡಿಗೆ ಸಿಕ್ಕುವುದೂ ಉಂಟು. ಅಂಥದ್ದು ಕಂಡರೆ ಗಾಡಿ ನಿಲ್ಲಿಸಿ, ದಾಟುವ ತನಕ ಕಾಯಿರಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಎತ್ತಿಕೊಂಡು ಫೋಟೊ ತೆಗೆಯಬೇಡಿ.

ಪ್ರತಿ ಶುಕ್ರವಾರ ತಮ್ಮ ಸುಲ್ತಾನನ ತೂಕವನ್ನು ನನಗೆ ಕಳಿಸುತ್ತಾನೆ. ಹೋದ ವಾರದ್ದು 68 ಗ್ರಾಂ. ಕೆಳಗೆ ಒಂದು ಸಾಲು ಬರೆದಿದ್ದ: "ಈ ವಾರವೂ ಮುಟ್ಟಲಿಲ್ಲ."